ನಮ್ಮ ಪ್ರಾಣ ಉಳಿಸಿದ ಕೈಗೆ ರೈಲ್ವೆ ಬೋರ್ಡಿನಲ್ಲಿ ಜಾಗ ಕೊಡಿ!

ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಅಣ್ಣಂದಿರೇ, ಅಕ್ಕಂದಿರೇ, ತಾಯಂದಿರೇ!

ಈ ಕರಪತ್ರವನ್ನು ಮಡಚಿ ಜೇಬಿಗೆ ಹಾಕಬೇಡಿ. ಇಲ್ಲೇ ನಿಂತು ಓದಿ. ಓದಲು ಬಾರದವರಿಗೆ ಓದಿ ಹೇಳಿ. ಇದು ನಿಮ್ಮ ಮನೆಯವರ ಜೀವದ ಮಾತು!

2023ರ ಫೆಬ್ರವರಿ 8. ಬುಧವಾರ. ಸಂಜೆ ಸುಮಾರು ಐದೂಮುಕ್ಕಾಲು. ನಮ್ಮದೇ ಹೊಸದುರ್ಗ ರೋಡ್ ಸ್ಟೇಷನ್. ಯಶವಂತಪುರದಿಂದ ದೆಹಲಿಯ ನಿಜಾಮುದ್ದೀನಿಗೆ ಹೊರಟಿದ್ದ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಅಲ್ಲಿಗೆ ಬಂದಿತ್ತು. ಸಿಗ್ನಲ್ ಕೆಟ್ಟಿತ್ತು. ಡ್ರೈವರ್ ಕೈಗೆ ಅನುಮತಿ ಚೀಟಿ ಕೊಟ್ಟು ರೈಲು ಬಿಟ್ಟರು. ಸ್ಟೇಷನ್ ಮಾಸ್ಟರ್ ಮುಂದಿನ ಪ್ಯಾನಲ್‌ನಲ್ಲಿ ದಾರಿ ಸರಿಯಾಗಿಯೇ ಕಾಣುತ್ತಿತ್ತು. ಆದರೆ ನೆಲದ ಮೇಲೆ, ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟು ಬೇರೆ ಕಡೆಗೆ ತಿರುಗಿತ್ತು. ಎದುರಿನಿಂದ ರೈಲು ಬರುವ ಹಳಿಯ ಕಡೆಗೆ!

ಒಬ್ಬ ಮನುಷ್ಯ ಅದನ್ನು ನೋಡಿದ. ಇಂಜಿನ್‌ನಲ್ಲಿ ಕೂತ ಲೋಕೋ ಪೈಲಟ್. ಬ್ರೇಕ್ ಹಾಕಿದ. ರೈಲು ನಿಂತಿತು. ಜನ ಬದುಕಿದರು!

ಆ ಬೋಗಿಗಳಲ್ಲಿ ಇದ್ದವರು ಯಾರು? ನಮ್ಮಂಥವರೇ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿ. ಕೂಲಿ ಅರಸಿ ಹೊರಟ ಹುಡುಗ. ಮಗಳ ಮನೆಗೆ ಹೊರಟ ಮುದುಕ. ಅವರಲ್ಲಿ ಎಷ್ಟೋ ಮಂದಿಗೆ ಅಂದು ತಮ್ಮ ಜೀವ ಯಾರ ಕಣ್ಣಿನಿಂದ ಉಳಿಯಿತು ಎಂಬುದು ಇವತ್ತಿಗೂ ಗೊತ್ತಿಲ್ಲ.

ಮರುದಿನ, ಫೆಬ್ರವರಿ 9ರಂದು, ನೈಋತ್ಯ ರೈಲ್ವೆಯ ಕಾರ್ಯಾಚರಣೆ ವಿಭಾಗದ ಮುಖ್ಯಸ್ಥರೇ ಹುಬ್ಬಳ್ಳಿಯಿಂದ ಪತ್ರ ಬರೆದರು. ವ್ಯವಸ್ಥೆಯಲ್ಲಿ ಗಂಭೀರ ದೋಷ ಇದೆ ಎಂದರು. ರೈಲು ಹೊರಟ ಮೇಲೆ ದಾರಿ ಬದಲಾಗುವುದು ಸಿಗ್ನಲ್ಲನ್ನೂ ಪಾಯಿಂಟನ್ನೂ ಒಂದಕ್ಕೊಂದು ಬಿಗಿದಿಡುವ ಇಂಟರ್‌ಲಾಕಿಂಗ್‌ನ ಮೂಲ ತತ್ವಕ್ಕೇ ವಿರುದ್ಧ ಎಂದರು. ಈಗಲೇ ಸರಿಪಡಿಸದಿದ್ದರೆ ದೊಡ್ಡ ಅಪಘಾತ ಆಗಬಹುದು ಎಂದರು.

ನಾಲ್ಕು ತಿಂಗಳೂ ಕಳೆಯಲಿಲ್ಲ!

2023ರ ಜೂನ್ 2. ಒಡಿಶಾದ ಬಾಲಾಸೋರ್ ಜಿಲ್ಲೆಯ ಬಹಾನಗಾ ಬಜಾರ್. ಸಿಗ್ನಲ್ ಮುಖ್ಯ ಹಳಿಗೆ ಹಸಿರು ತೋರಿತು. ಪಾಯಿಂಟು ಪಕ್ಕದ ಲೂಪ್ ಹಳಿಗೆ ತಿರುಗಿತ್ತು. ಕೋರಮಂಡಲ್ ಎಕ್ಸ್‌ಪ್ರೆಸ್ ನಿಂತಿದ್ದ ಗೂಡ್ಸ್ ಗಾಡಿಗೆ ಹೋಗಿ ಬಡಿಯಿತು. ಸತ್ತವರು 290ಕ್ಕೂ ಹೆಚ್ಚು ಜನ. ಶಾಲೆಯ ಕೋಣೆಯಲ್ಲಿ ಹೆಣ ಸಾಲಾಗಿ ಮಲಗಿಸಿದರು. ತಂದೆಯರು ಮುಖದ ಬಟ್ಟೆ ಸರಿಸಿ ಸರಿಸಿ ಮಕ್ಕಳನ್ನು ಹುಡುಕಿದರು.

ಪ್ಯಾನಲ್ ಹೇಳುವುದು ಒಂದು, ನೆಲದ ಮೇಲೆ ಇರುವುದು ಇನ್ನೊಂದು. ನಮ್ಮ ಹೊಸದುರ್ಗ ರೋಡಿನಲ್ಲಿ ಕಂಡ ಲಕ್ಷಣವೇ ಅಲ್ಲಿ ಹೆಣಗಳ ರಾಶಿ ಹಾಕಿತು! ಸಿಗ್ನಲ್ ಕೆಲಸದಲ್ಲಿ ವೈರಿಂಗ್ ತಪ್ಪಾಗಿತ್ತು ಎಂದು ತನಿಖೆ ಹೇಳಿತು. ಬಹಾನಗಾ ಸೇರಿದ ಅದೇ ಖರಗ್‌ಪುರ ವಿಭಾಗದ ಬಾಂಕ್ರಾನಯಾಬಾಜ್‌ನಲ್ಲಿ 2022ರ ಮೇ 16ರಂದು ಇಂಥದೇ ಘಟನೆ ಆಗಿತ್ತು, ಆಗಲೇ ಸರಿಪಡಿಸಿದ್ದರೆ ಈ ಅಪಘಾತ ತಪ್ಪುತ್ತಿತ್ತು ಎಂದೂ ಅದೇ ತನಿಖೆ ಹೇಳಿತು.

ಎಚ್ಚರಿಕೆ ಒಂದಲ್ಲ, ಎರಡು ಬಾರಿ ಬಂದಿತ್ತು. ಸತ್ತವರಿಗೆ ಅದರಿಂದ ಏನು ಬಂತು?

ಬಂಧುಗಳೇ, ನಮ್ಮ ಪ್ರಶ್ನೆ ಒಂದೇ. ಅಂದು ಹೊಸದುರ್ಗ ರೋಡಿನಲ್ಲಿ ರೈಲು ನಿಲ್ಲಿಸಿದ ಕೈಗೆ, ಆ ಹಳಿ ಕಾಯುವ ಕೈಗೆ, ಆ ಸಿಗ್ನಲ್ ರಿಪೇರಿ ಮಾಡುವ ಕೈಗೆ ರೈಲ್ವೆಯ ಆಡಳಿತದಲ್ಲಿ ಒಂದು ಓಟು ಏಕಿಲ್ಲ? ಎಷ್ಟು ಜನ ಬೇಕು, ಎಷ್ಟು ಗಂಟೆ ದುಡಿಯಬೇಕು, ಯಾವ ಕೆಲಸ ಮೊದಲು ಆಗಬೇಕು ಎಂದು ತೀರ್ಮಾನ ಮಾಡುವಲ್ಲಿ ನಾವು ಯಾಕೆ ಇಲ್ಲ?

ನಮ್ಮ ಬದುಕನ್ನು ಒಮ್ಮೆ ನೋಡಿ.

ಚಿಕ್ಕಜಾಜೂರಿನಿಂದ ಬೀರೂರಿನ ಕಡೆಗೆ, ಚಿತ್ರದುರ್ಗದ ಕಡೆಗೆ ಹಳಿಯ ಮೇಲೆ ಒಬ್ಬ ನಡೆಯುತ್ತಾನೆ. ಭುಜದ ಮೇಲೆ ಸುತ್ತಿಗೆ, ಸ್ಪ್ಯಾನರ್. ಕೈಯಲ್ಲಿ ಕೆಂಪು ಬಾವುಟ. ಅವನು ಕೀಮನ್. ಬಿಸಿಲಿಗೆ ಜಲ್ಲಿ ಕಾದು ಕಾಲು ಸುಡುತ್ತದೆ. ಮಳೆಗೆ ಜಾರುತ್ತದೆ. ಒಂದೊಂದು ಕೀಲಿ ಬಡಿದು ನೋಡುತ್ತ, ಹಳಿ ಸೀಳಿದೆಯೇ ಎಂದು ಬಗ್ಗಿ ನೋಡುತ್ತ ಕಿಲೋಮೀಟರ್‌ಗಟ್ಟಲೆ ನಡೆಯುತ್ತಾನೆ. ಬೀರೂರಿನ ಕಡೆಗೆ ಈಗ ಜೋಡಿ ಹಳಿ. ಒಂದು ಹಳಿಯಲ್ಲಿ ಗೂಡ್ಸ್ ಸದ್ದು ಮಾಡುತ್ತ ಹೋಗುತ್ತದೆ. ಆ ಸದ್ದಿನಲ್ಲಿ ಪಕ್ಕದ ಹಳಿಯ ರೈಲಿನ ಸದ್ದು ಕೇಳುವುದಿಲ್ಲ. ತಿರುಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ!

ಇದು ಬರಿ ಮಾತಲ್ಲ. ಅನಿಲ್ ಕಾಕೋಡ್ಕರ್ ಅವರ ಸುರಕ್ಷತಾ ಸಮಿತಿ 2012ರಲ್ಲಿ ವರದಿ ಕೊಟ್ಟಿತು. 2007-08ರಿಂದ 2011ರ ಅಕ್ಟೋಬರ್‌ವರೆಗೆ ಕೆಲಸ ಮಾಡುತ್ತಲೇ ಸತ್ತ ರೈಲ್ವೆ ನೌಕರರು ಸುಮಾರು 1,600. ಗಾಯಗೊಂಡವರು ಸುಮಾರು 8,700. ಅದೇ ಅವಧಿಯಲ್ಲಿ ರೈಲು ಅಪಘಾತಗಳಲ್ಲಿ ಸತ್ತ ಒಟ್ಟು ಜನರಿಗಿಂತ ಹಳಿಯ ಮೇಲೆ, ಯಾರ್ಡಿನಲ್ಲಿ, ಶೆಡ್ಡಿನಲ್ಲಿ ಒಬ್ಬೊಬ್ಬರಾಗಿ ಸತ್ತ ನೌಕರರೇ ಹೆಚ್ಚು! ಒಂದೇ ದಿನ ಸತ್ತಿದ್ದರೆ ದೇಶವೇ ನಡುಗುತ್ತಿತ್ತು. ಒಬ್ಬೊಬ್ಬರಾಗಿ ಸತ್ತರು. ಪೇಪರಿನ ಮೂಲೆಯಲ್ಲೂ ಬರಲಿಲ್ಲ.

ಗೇಟಿನ ಹತ್ತಿರ ನೀವು ಬೈಕು ನಿಲ್ಲಿಸಿ ಹಾರ್ನ್ ಬಾರಿಸುತ್ತೀರಿ. ಒಳಗಿರುವ ಗೇಟ್‌ಮನ್ ಎಷ್ಟು ಹೊತ್ತಿನಿಂದ ಕೂತಿದ್ದಾನೆ ಗೊತ್ತೇ? 1989ರ ರೈಲ್ವೆ ಕಾಯ್ದೆಯ ಪ್ರಕಾರ ‘ನಡುನಡುವೆ ಬಿಡುವಿರುವ ಕೆಲಸ’ ಎಂದು ಪಟ್ಟಿಗೆ ಸೇರಿಸಿದವರನ್ನು ವಾರಕ್ಕೆ 75 ಗಂಟೆ ದುಡಿಸಬಹುದು. 75 ಗಂಟೆ! ಹನ್ನೆರಡು ಗಂಟೆ ಪಾಳಿ. ಸುತ್ತ ಹೊಲ, ಮುಳ್ಳುಕಂಟಿ, ಹಾವು. ರಾತ್ರಿ ಎರಡಕ್ಕೆ ಫೋನ್ ಬಡಿಯುತ್ತದೆ. ಕಣ್ಣು ಒಂದು ಗಳಿಗೆ ಮುಚ್ಚಿದರೆ ಶಾಲೆ ಬಸ್ಸೋ ಟ್ರ್ಯಾಕ್ಟರೋ ಹಳಿಯ ಮೇಲಿರುತ್ತದೆ. ಆಮೇಲೆ ಊರಿನವರೆಲ್ಲ ಹೊಡೆಯಲು ಬರುವುದು ಅವನನ್ನೇ. ಪಾಳಿ ಬರೆದವನ ಮನೆಗೆ ಯಾರು ಹೋಗುತ್ತಾರೆ?

ಲೋಕೋ ಪೈಲಟ್‌ಗಳ ಗೋಳು ಇನ್ನೂ ಕೇಳಿ. ಬಹುತೇಕ ಇಂಜಿನ್‌ಗಳಲ್ಲಿ ಶೌಚಾಲಯವೇ ಇಲ್ಲ. ಹೆಣ್ಣುಮಕ್ಕಳೂ ಆ ಕೆಲಸಕ್ಕೆ ಬಂದಿದ್ದಾರೆ. ನೀರು ಕುಡಿಯದೆ ಡ್ಯೂಟಿಗೆ ಹೋಗುತ್ತಾರೆ ಆ ತಾಯಂದಿರು! ನಾಲ್ಕು ರಾತ್ರಿ ಸತತವಾಗಿ ಗಾಡಿ ಓಡಿಸಬೇಕು. ಎರಡೇ ರಾತ್ರಿ ಸಾಕು ಎಂದು ಅವರು ಕೇಳುತ್ತ ಬಂದಿದ್ದಾರೆ. ಊರಿಗೆ ಬಂದಾಗ ಸಿಗುವ 16 ಗಂಟೆ ಬಿಡುವಿನ ಮೇಲೆ ವಾರದ 30 ಗಂಟೆ ಬಿಡುವು ಬೇರೆಯಾಗಿ ಕೊಡಿ ಎಂದು ಕೇಳುತ್ತ ಬಂದಿದ್ದಾರೆ. ಐಷಾರಾಮ ಕೇಳಲಿಲ್ಲ. ನಿದ್ದೆ ಕೇಳಿದರು! ನಿಮ್ಮ ಮಕ್ಕಳನ್ನು ಹೊತ್ತ ರೈಲನ್ನು ಕಣ್ಣು ಬಿಟ್ಟು ಓಡಿಸಲು ನಿದ್ದೆ ಕೇಳಿದರು. ಅದಕ್ಕೂ ಕೈ ಒಡ್ಡಿ ನಿಲ್ಲಬೇಕು.

ಇನ್ನು ಬೋಗಿ ತೊಳೆಯುವವರು, ಪ್ಲಾಟ್‌ಫಾರಂ ಗುಡಿಸುವವರು, ಕಂಬಳಿ ಹೊದಿಕೆ ಕೊಡುವವರು. ಇವರಲ್ಲಿ ಬಹಳ ಮಂದಿ ಕಾಂಟ್ರ್ಯಾಕ್ಟಿನವರು. ರೈಲ್ವೆಗೆ ದುಡಿಯುತ್ತಾರೆ, ರೈಲ್ವೆಯವರಲ್ಲ. ಯೂನಿಯನ್ ಚುನಾವಣೆಯಲ್ಲಿ ಓಟೂ ಇಲ್ಲ. ಗುತ್ತಿಗೆದಾರ ಬದಲಾದ ದಿನ ಅವರ ಕೆಲಸ ಉಳಿಯುತ್ತದೋ ಹೋಗುತ್ತದೋ ದೇವರೇ ಬಲ್ಲ. ನಮ್ಮ ಸಾಲಿನಲ್ಲಿ ಕೊನೆಗೆ ನಿಂತವರು ಇವರು. ಮೊದಲು ಪೆಟ್ಟು ಬೀಳುವುದೂ ಇವರಿಗೇ.

ಖಾಲಿ ಹುದ್ದೆಗಳ ಕತೆ ಹೇಳಿದರೆ ಹೊಟ್ಟೆ ಉರಿಯುತ್ತದೆ. ಮಾಹಿತಿ ಹಕ್ಕಿನಲ್ಲಿ ಕೇಳಿದ್ದಕ್ಕೆ 2023ರ ಜೂನ್‌ನಲ್ಲಿ ಬಂದ ಉತ್ತರ ಇದು: ರೈಲ್ವೆಯಲ್ಲಿ 2.74 ಲಕ್ಷ ಹುದ್ದೆ ಖಾಲಿ. ಅದರಲ್ಲಿ 1.7 ಲಕ್ಷಕ್ಕೂ ಹೆಚ್ಚು ಸುರಕ್ಷತೆಗೆ ಸೇರಿದವು! ಮುಂದೇನಾಯಿತು? 2024ರ ಜನವರಿಯಲ್ಲಿ ಸಹಾಯಕ ಲೋಕೋ ಪೈಲಟ್‌ಗಳಿಗೆ ಅರ್ಜಿ ಕರೆದರು. ಎಷ್ಟು ಹುದ್ದೆಗೆ? 5,696. ಜೂನ್ 17ರಂದು ಪಶ್ಚಿಮ ಬಂಗಾಳದ ರಂಗಾಪಾನಿಯಲ್ಲಿ ಗೂಡ್ಸ್ ಗಾಡಿ ಹೋಗಿ ಕಾಂಚನಜುಂಗಾ ಎಕ್ಸ್‌ಪ್ರೆಸ್‌ಗೆ ಬಡಿಯಿತು. ಒಂದೆರಡು ದಿನದಲ್ಲೇ ಅದೇ ಸಂಖ್ಯೆ 18,799 ಆಯಿತು! ಹದಿಮೂರು ಸಾವಿರ ಜನ ಇನ್ನೂ ಬೇಕು ಎಂದು ತಿಳಿಯಲು ಹೆಣ ಬೀಳಬೇಕಾಯಿತೇ? ಲೋಕೋ ಪೈಲಟ್‌ಗಳನ್ನು ಕೇಳಿದ್ದರೆ ವರ್ಷಗಳ ಮೊದಲೇ ಹೇಳುತ್ತಿದ್ದರಲ್ಲ!

ಅಂದು ರಂಗಾಪಾನಿಯಲ್ಲಿ ನಡೆದ ಇನ್ನೊಂದು ಅನ್ಯಾಯವನ್ನೂ ನೀವು ತಿಳಿಯಬೇಕು. ಗೂಡ್ಸ್ ಗಾಡಿಯ ಲೋಕೋ ಪೈಲಟ್ ಅಲ್ಲೇ ಸತ್ತರು. ಹೆಣ ಇನ್ನೂ ತಣ್ಣಗಾಗಿರಲಿಲ್ಲ. ದೆಹಲಿಯಿಂದ ಮಾತು ಬಂತು: ಡ್ರೈವರ್ ಸಿಗ್ನಲ್ ಲೆಕ್ಕಿಸಲಿಲ್ಲ! ಸತ್ತವನು ಎದ್ದು ಬಂದು ಉತ್ತರ ಹೇಳುತ್ತಾನೆಯೇ? ಆಮೇಲೆ ರೈಲ್ವೆ ಸುರಕ್ಷತಾ ಆಯುಕ್ತರ ವರದಿ ಬಂತು. ಬೆಳಗಿನಿಂದಲೇ ಆಟೊಮ್ಯಾಟಿಕ್ ಸಿಗ್ನಲ್ ಕೆಟ್ಟಿತ್ತು. ಕೊಟ್ಟ ಚೀಟಿಯೇ ಸರಿಯಿರಲಿಲ್ಲ. ಲೋಕೋ ಪೈಲಟ್‌ಗಳಿಗೆ, ಸ್ಟೇಷನ್ ಮಾಸ್ಟರ್‌ಗಳಿಗೆ ಸಾಕಷ್ಟು ತಿಳಿವಳಿಕೆ ಕೊಟ್ಟಿರಲಿಲ್ಲ. ಇಂಥ ಅಪಘಾತ ಆಗಲು ಕಾದು ಕೂತಿತ್ತು ಎಂದಿತು ವರದಿ. ಆ ಮನುಷ್ಯನ ಹೆಂಡತಿ ಮಕ್ಕಳ ಮುಂದೆ ಹೋಗಿ ಆ ಮೊದಲ ಮಾತನ್ನು ಹಿಂದಕ್ಕೆ ಪಡೆದವರು ಯಾರು?

ಬಾಲಾಸೋರ್‌ನಲ್ಲಿ ಸಿಬಿಐ ಬಂಧಿಸಿದ್ದು ಸಿಗ್ನಲ್ ವಿಭಾಗದ ಮೂವರು ನೌಕರರನ್ನು. ತಪ್ಪು ಮಾಡಿದವರಿಗೆ ಶಿಕ್ಷೆ ಬೇಡ ಎಂದು ನಾವು ಹೇಳುವುದಿಲ್ಲ. ಹೇಳುವುದೇ ಇಲ್ಲ! ಆದರೆ ತೀರ್ಮಾನದಲ್ಲಿ ಇಲ್ಲದವರು ತಲೆದಂಡಕ್ಕೆ ಮಾತ್ರ ಬೇಕೇ? ಬೇಗ ಮುಗಿಸು, ಗಾಡಿ ನಿಲ್ಲಿಸಬೇಡ, ಇರುವವರಲ್ಲೇ ಮಾಡು ಎನ್ನುವವರು ಒಬ್ಬರು. ಕೈದಿ ಬಟ್ಟೆ ತೊಡುವವರು ಇನ್ನೊಬ್ಬರು!

‘ನಿಮ್ಮ ಮಾತು ಕೇಳಲು ಏರ್ಪಾಡು ಇದೆಯಲ್ಲ’ ಎನ್ನುತ್ತಾರೆ. ಇದೆ. 1952ರಿಂದ ಪಿಎನ್‌ಎಂ ಎಂಬ ಕಾಯಂ ಮಾತುಕತೆಯ ಏರ್ಪಾಡು ಇದೆ. 1966ರಿಂದ ಜೆಸಿಎಂ ಎಂಬ ಜಂಟಿ ಸಮಾಲೋಚನೆಯ ಏರ್ಪಾಡು ಇದೆ. 1990ರ ದಶಕದಲ್ಲಿ ‘ಪ್ರೇಮ್’ ಎಂದು ಚಂದದ ಹೆಸರಿಟ್ಟು ಇನ್ನೊಂದು ಮಾಡಿದರು, ಆಡಳಿತದಲ್ಲಿ ರೈಲ್ವೆ ನೌಕರರ ಭಾಗವಹಿಸುವಿಕೆಗೆ ಎಂದು. ಯೂನಿಯನ್ ಮುಖಂಡರು ಹೋಗುತ್ತಾರೆ. ಟೀ ಬರುತ್ತದೆ. ಪಟ್ಟಿ ಓದುತ್ತಾರೆ. ‘ಪರಿಶೀಲಿಸಲಾಗುವುದು’ ಎಂದು ಬರೆದುಕೊಳ್ಳುತ್ತಾರೆ. ಮುಂದಿನ ಸಭೆಗೆ ಅದೇ ಪಟ್ಟಿ. ಸಲಹೆ ಕೊಡಬಹುದು. ಓಟು ಹಾಕುವಂತಿಲ್ಲ. ಬೇಡ ಎಂದು ತಡೆಯುವಂತಿಲ್ಲ. ಇದು ಪಾಲ್ಗೊಳ್ಳುವುದಲ್ಲ, ಕಣ್ಣೊರೆಸುವುದು!

ನಾವು ಹೊಸದಾಗಿ ಏನನ್ನೂ ಕೇಳುತ್ತಿಲ್ಲ. ಸಂವಿಧಾನ ಕೊಟ್ಟಿದ್ದನ್ನೇ ಕೇಳುತ್ತಿದ್ದೇವೆ. 1976ರ 42ನೇ ತಿದ್ದುಪಡಿಯಲ್ಲಿ 43ಎ ವಿಧಿ ಸೇರಿತು. ಕಾರ್ಮಿಕರು ಆಡಳಿತದಲ್ಲಿ ಭಾಗವಹಿಸುವಂತೆ ಸರ್ಕಾರ ಕಾನೂನು ಮಾಡಬೇಕು ಎಂದು ಅದು ಹೇಳುತ್ತದೆ. 1990ರಲ್ಲಿ ಒಂದು ಮಸೂದೆ ರಾಜ್ಯಸಭೆಗೂ ಬಂತು. ಕಾನೂನು ಆಗಲೇ ಇಲ್ಲ. ಆ ತಿದ್ದುಪಡಿ ಬಂದ ವರ್ಷ ಕೆಲಸಕ್ಕೆ ಸೇರಿದ ಗ್ಯಾಂಗ್‌ಮನ್ ಪೆನ್ಷನ್ ತಗೊಂಡು ಮೊಮ್ಮಕ್ಕಳನ್ನು ಕಂಡ. ಕಾನೂನನ್ನು ಕಾಣಲಿಲ್ಲ!

ಮುಂದಕ್ಕೆ ಹೋಗಿದ್ದಾರೆಯೇ? ಇಲ್ಲ, ಹಿಂದಕ್ಕೆ! 2019ರ ಡಿಸೆಂಬರ್ 24ರಂದು ಕೇಂದ್ರ ಸಂಪುಟ ರೈಲ್ವೆ ಬೋರ್ಡನ್ನು ಬದಲಾಯಿಸಿತು. ನೌಕರರ ವಿಷಯ ನೋಡಲೆಂದೇ ‘ಮೆಂಬರ್ ಸ್ಟಾಫ್’ ಎಂದು ಒಬ್ಬ ಅಧಿಕಾರಿ ಬೋರ್ಡಿನಲ್ಲಿ ಇದ್ದರು. ಆ ಕುರ್ಚಿಯನ್ನೇ ತೆಗೆದರು. ಈಗ ಅಧ್ಯಕ್ಷರು, ನಾಲ್ವರು ಸದಸ್ಯರು. ಇವರ ಜೊತೆ ಹೊರಗಿನ ಸ್ವತಂತ್ರ ಸದಸ್ಯರಿಗೂ ಜಾಗ ಇಟ್ಟರು. ಅವರಿಗೆ ಏನು ಅರ್ಹತೆ ಬೇಕು? ಕೈಗಾರಿಕೆ, ಹಣಕಾಸು, ಅರ್ಥಶಾಸ್ತ್ರ, ಮ್ಯಾನೇಜ್‌ಮೆಂಟಿನಲ್ಲಿ 30 ವರ್ಷ ಅನುಭವ! ಹಳಿಯ ಮೇಲೆ 30 ವರ್ಷ ನಡೆದವನ ಅನುಭವ ಯಾವ ಲೆಕ್ಕಕ್ಕೂ ಇಲ್ಲ!

ಕೆನರಾ ಬ್ಯಾಂಕಿನಂಥ ರಾಷ್ಟ್ರೀಕೃತ ಬ್ಯಾಂಕುಗಳ ಬೋರ್ಡಿನಲ್ಲಿ ಕಾರ್ಮಿಕರ ಕಡೆಯಿಂದ ಒಬ್ಬ ನಿರ್ದೇಶಕ ಇರಬೇಕು ಎಂದು 1970ರ ಕಾನೂನು ಹೇಳುತ್ತದೆ. ಬ್ಯಾಂಕಿಗೆ ಆಗುವುದು ರೈಲಿಗೆ ಯಾಕೆ ಆಗದು? (ಆ ಬ್ಯಾಂಕುಗಳ ಕುರ್ಚಿಗಳನ್ನೂ ಸರ್ಕಾರ ವರ್ಷಗಟ್ಟಲೆ ತುಂಬದೆ ಬಿಟ್ಟಿದೆ. ಕಾನೂನು ಬಂದರಷ್ಟೇ ಸಾಲದು, ಕಾವಲೂ ಬೇಕು ಎಂಬುದಕ್ಕೆ ಅದೇ ಸಾಕ್ಷಿ.) ಜರ್ಮನಿಯನ್ನು ನೋಡಿ. ಅಲ್ಲಿನ ಸರ್ಕಾರಿ ರೈಲ್ವೆಯ ಮೇಲ್ವಿಚಾರಣಾ ಮಂಡಳಿಯಲ್ಲಿ 20 ಜನ. ಅದರಲ್ಲಿ 10 ಜನ ನೌಕರರ ಪ್ರತಿನಿಧಿಗಳು. ಸರಿಯಾಗಿ ಅರ್ಧ! 1976ರ ಕಾನೂನು ಅದು. ನಮ್ಮ 43ಎ ಬಂದಿದ್ದೂ ಅದೇ ವರ್ಷ. ಅವರದು ಕೆಲಸಕ್ಕೆ ಬಂತು. ನಮ್ಮದು ಪುಸ್ತಕದಲ್ಲೇ ಉಳಿಯಿತು.

‘ಗ್ಯಾಂಗ್‌ಮನ್‌ಗೆ ಬೋರ್ಡಿನ ಲೆಕ್ಕ ಏನು ತಿಳಿಯುತ್ತದೆ’ ಎಂದು ಕೇಳುವವರಿಗೆ ಈ ದುರ್ಗದ ಕೋಟೆಯನ್ನೇ ತೋರಿಸುತ್ತೇವೆ. ಕಿಂಡಿಯಲ್ಲಿ ಶತ್ರು ನುಸುಳಿದ್ದನ್ನು ಮೊದಲು ಕಂಡದ್ದು ಯಾರು? ಅರಮನೆಯವರೇ? ಕಾವಲುಗಾರನ ಹೆಂಡತಿ ಓಬವ್ವ! ಕಿಂಡಿಯ ಹತ್ತಿರ ಇದ್ದವಳಿಗೆ ಕಂಡಿತು. ರೈಲ್ವೆಯಲ್ಲೂ ಅಷ್ಟೇ. ಯಾವ ಹಳಿ ಸವೆದಿದೆ, ಯಾವ ರಿಲೇ ಕೈಕೊಡುತ್ತದೆ, ಯಾವ ಸ್ಟೇಷನ್‌ನಲ್ಲಿ ಇಬ್ಬರ ಕೆಲಸ ಒಬ್ಬ ಮಾಡುತ್ತಿದ್ದಾನೆ ಎಂಬುದು ಅಲ್ಲೇ ಇರುವವನಿಗೆ ಗೊತ್ತು. ದೆಹಲಿಯ ರೈಲ್ ಭವನಕ್ಕೆ ಅದು ಕಾಗದವಾಗಿ ಹೋಗಿ ಮುಟ್ಟುವ ಹೊತ್ತಿಗೆ ಏನೇನಾಗುತ್ತದೆ ಎಂಬುದನ್ನು ಬಹಾನಗಾದಲ್ಲಿ ನೋಡಿದೆವು!

ಪುಕ್ಕಟೆ ಸಿಕ್ಕ ಹಕ್ಕು ನಮಗೆ ಒಂದೂ ಇಲ್ಲ. 1974ರ ಮೇ 8ರಂದು ದೇಶದ ರೈಲು ನಿಂತಿತು. ಮುಂದೆ ನಿಂತವರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಎಂಟು ಗಂಟೆ ಕೆಲಸ, ಬೋನಸ್, ಬದುಕುವಷ್ಟು ಸಂಬಳ ಕೇಳಿದರು. ಮುಷ್ಕರ ಶುರುವಾಗುವ ಮೊದಲೇ ಅವರನ್ನು ಹಿಡಿದು ಜೈಲಿಗೆ ಹಾಕಿದರು. ಸಾವಿರಾರು ಕಾರ್ಮಿಕರು ಜೈಲು ಸೇರಿದರು. ಕೆಲಸ ಕಳೆದುಕೊಂಡರು. ಕ್ವಾರ್ಟರ್ಸ್‌ನಿಂದ ಹೆಂಗಸರು ಮಕ್ಕಳನ್ನು ಬೀದಿಗೆ ತಳ್ಳಿದರು. 20 ದಿನಕ್ಕೆ ಮುಷ್ಕರ ಮುಗಿಯಿತು. ಸೋತೆವು ಎಂದರು. ಆದರೆ ಇವತ್ತು ದಸರಾಕ್ಕೆ ರೈಲ್ವೆ ಮನೆಗಳಲ್ಲಿ ಬೋನಸ್ ಬರುತ್ತದಲ್ಲ, ಅದು ಆ ಹೆಂಗಸರ, ಆ ಮಕ್ಕಳ ಹಸಿವಿನಿಂದ ಬಂದಿದ್ದು! 1979ರಲ್ಲಿ ಕೊಡಲೇಬೇಕಾಯಿತು.

ಬೋನಸ್ ಬಂತು. ಓಟು ಬರಲಿಲ್ಲ. ಅದು ಬಾಕಿ ಇದೆ.

ರೈಲ್ವೆ ಕಾರ್ಮಿಕ ಬಂಧುಗಳೇ, ಈಗ ನಮ್ಮ ನಮ್ಮಲ್ಲೇ ಒಂದು ಕಟುಮಾತು. 2013ರ ನಂತರ ಯೂನಿಯನ್ ಮಾನ್ಯತೆಗೆ ಗುಪ್ತ ಮತದಾನ ನಡೆದದ್ದು 2024ರ ಡಿಸೆಂಬರ್‌ನಲ್ಲಿ. ಹನ್ನೊಂದು ವರ್ಷ! ಸುಮಾರು 12 ಲಕ್ಷ ಜನಕ್ಕೆ ಓಟಿತ್ತು. ನಾವು ಓಟು ಹಾಕಿದೆವು. ಹಾಕಿ ಮನೆಗೆ ಹೋದೆವು. ಟ್ರಾನ್ಸ್‌ಫರ್‌ಗೆ, ಕ್ವಾರ್ಟರ್ಸ್‌ಗೆ, ಪಾಸಿಗೆ ಮುಖಂಡರ ಹಿಂದೆ ಓಡಾಡುತ್ತೇವೆ. ಆಡಳಿತದಲ್ಲಿ ನಮ್ಮ ಜಾಗ ಎಲ್ಲಿ ಎಂದು ಆ ಮುಖಂಡರನ್ನು ನಿಲ್ಲಿಸಿ ಕೇಳಿದ್ದೇವೆಯೇ? ಕೆಂಪು ಬಾವುಟವಿರಲಿ, ಯಾವ ಬಣ್ಣದ್ದೇ ಇರಲಿ, ಕೇಳಲೇಬೇಕು! ಕಾಂಟ್ರ್ಯಾಕ್ಟ್ ಕಾರ್ಮಿಕರನ್ನು ಹೊರಗಿಟ್ಟು ನಾವಷ್ಟೇ ಒಳಗೆ ಹೋಗುತ್ತೇವೆ ಎಂದರೆ ಅದೂ ಅನ್ಯಾಯವೇ. ಹೋಗುವುದಾದರೆ ಎಲ್ಲರೂ ಹೋಗೋಣ.

ಪ್ರಯಾಣಿಕ ಬಂಧುಗಳೇ, ಇದು ರೈಲ್ವೆಯವರ ಜಗಳ, ನಮಗೇನು ಎನ್ನಬೇಡಿ. ದುರ್ಗದ ಕೋಟೆಗೆ, ಚಂದ್ರವಳ್ಳಿಗೆ ಮಕ್ಕಳು ಮರಿ ಕಟ್ಟಿಕೊಂಡು ಬರುವವರು ನೀವು. ಆಸ್ಪತ್ರೆಗೆಂದು ಬೆಂಗಳೂರಿಗೆ ಹೊರಟವರು ನೀವು. ಜನರಲ್ ಬೋಗಿಯಲ್ಲಿ ಬಾಗಿಲಿಗೆ ಜೋತು ಬೀಳುವವರು ನೀವು. ನಿದ್ದೆಗೆಟ್ಟ ಡ್ರೈವರ್ ಇಂಜಿನ್‌ನಲ್ಲಿದ್ದರೆ ಅವನ ಹಿಂದಿನ ಬೋಗಿಯಲ್ಲಿ ಇರುವವರು ನೀವೇ! ಅವನ ಬಿಡುವು ನಿಮ್ಮ ಜೀವ.

ಹಿರಿಯೂರಿನ ರೈತರೇ, ನಿಮ್ಮೂರಿಗೆ ಇನ್ನೂ ರೈಲು ಬಂದಿಲ್ಲ. ತುಮಕೂರಿನಿಂದ ಸಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ 191 ಕಿಲೋಮೀಟರ್ ಹೊಸ ಹಳಿ. 2011-12ರಲ್ಲಿ ಮಂಜೂರಾದದ್ದು. ಹೊಲ ಕೊಟ್ಟವರು ನೀವು. ಮಣ್ಣು ಹೊರುತ್ತಿರುವವರು ಕೂಲಿಯವರು. ನಾಳೆ ಆ ಹಳಿಯಲ್ಲಿ ಕೆಲಸ ಸಿಕ್ಕರೆ ಹೋಗುವವರು ನಿಮ್ಮ ಮಕ್ಕಳು. ಅವರು ಯಾವ ನಿಯಮದ ಕೆಳಗೆ ದುಡಿಯಬೇಕು ಎಂಬುದು ಇವತ್ತೇ ತೀರ್ಮಾನ ಆಗಬೇಕು. ಹಳಿ ಬಂದ ಮೇಲೆ ಕೇಳೋಣ ಎಂದರೆ ಕೇಳುವವರು ಯಾರೂ ಇರುವುದಿಲ್ಲ.

ನಾವು ಕೇಳುವುದು ಇಷ್ಟು. ಸಂಸತ್ತು ಕಾನೂನು ಮಾಡಲಿ. ರೈಲ್ವೆ ಬೋರ್ಡಿನಲ್ಲಿ, ಹುಬ್ಬಳ್ಳಿಯ ನೈಋತ್ಯ ರೈಲ್ವೆ ವಲಯದಲ್ಲಿ, ನಮ್ಮ ಮೈಸೂರು ವಿಭಾಗದಲ್ಲಿ ಕಾರ್ಮಿಕರು ಗುಪ್ತ ಮತದಿಂದ ಆರಿಸಿದ ಸದಸ್ಯರು ಕೂರಲಿ. ಅವರಿಗೆ ಓಟಿರಲಿ. ಆರಿಸುವ ಹಕ್ಕು ಕಾಂಟ್ರ್ಯಾಕ್ಟ್ ಕಾರ್ಮಿಕರಿಗೂ ಇರಲಿ. ಕೆಲಸದ ಗಂಟೆ, ಖಾಲಿ ಹುದ್ದೆ, ಸುರಕ್ಷತೆಯ ಖರ್ಚು, ಈ ಮೂರನ್ನು ಅವರ ಒಪ್ಪಿಗೆ ಇಲ್ಲದೆ ಕಡಿತ ಮಾಡುವಂತೆ ಇರಬಾರದು.

ಇನ್ನೊಂದು. ಇಲ್ಲಿ ಅಪಾಯ ಇದೆ ಎಂದು ಬರೆದುಕೊಟ್ಟ ನೌಕರನಿಗೆ ಚಾರ್ಜ್‌ಶೀಟ್ ಕೊಡಬಾರದು. ಅವನ ಕಾಗದಕ್ಕೆ ಹದಿನೈದು ದಿನದಲ್ಲಿ ಉತ್ತರ ಬರಬೇಕು. ಆ ಉತ್ತರವನ್ನು ಸ್ಟೇಷನ್‌ನ ಬೋರ್ಡಿನ ಮೇಲೆ ಎಲ್ಲರೂ ಓದುವಂತೆ ಹಚ್ಚಬೇಕು. ಇದಕ್ಕೆ ದುಡ್ಡು ಬೇಕಿಲ್ಲ. ಮನಸ್ಸು ಬೇಕು!

ಈಗ ನೀವು ಮಾಡಬೇಕಾದದ್ದು. ಒಂದು ಪೋಸ್ಟ್‌ಕಾರ್ಡ್ ತಗೊಳ್ಳಿ. ‘ಹೊಸದುರ್ಗ ರೋಡಿನಲ್ಲಿ ರೈಲು ನಿಲ್ಲಿಸಿದವರಿಗೆ ಆಡಳಿತದಲ್ಲಿ ಓಟು ಕೊಡಿ’ ಎಂದು ಕನ್ನಡದಲ್ಲೇ ಬರೆಯಿರಿ. ಕೆಳಗೆ ನಿಮ್ಮ ಹೆಸರು, ನಿಮ್ಮ ಊರು ಬರೆಯಿರಿ. ರೈಲ್ವೆ ಮಂತ್ರಿ, ರೈಲ್ ಭವನ, ನವದೆಹಲಿ ಎಂದು ವಿಳಾಸ ಹಾಕಿ. ಇನ್ನೊಂದನ್ನು ಡಿವಿಷನಲ್ ರೈಲ್ವೆ ಮ್ಯಾನೇಜರ್, ಮೈಸೂರು ಎಂದು ಹಾಕಿ. ರೈಲ್ವೆ ರಾಜ್ಯಮಂತ್ರಿ ವಿ. ಸೋಮಣ್ಣನವರು ಪಕ್ಕದ ತುಮಕೂರಿನ ಸಂಸದರು. ನಮ್ಮ ಸಂಸದರು ಗೋವಿಂದ ಕಾರಜೋಳರು. ಇಬ್ಬರೂ ನಮ್ಮ ಓಟು ಕೇಳಲು ಊರಿಗೆ ಬಂದವರೇ. ಊರಿಗೆ ಬಂದಾಗ ಹಾರ ಹಾಕುವ ಮೊದಲು ಕೇಳಿ: 43ಎ ಕಾನೂನು ಯಾವಾಗ? ಸಂಸತ್ತಿನಲ್ಲಿ ಎದ್ದು ಕೇಳುತ್ತೀರಾ, ಇಲ್ಲವಾ?

ರೈಲ್ವೆ ಕಾರ್ಮಿಕರೇ, ಚಿಕ್ಕಜಾಜೂರಿನವರೇ, ಚಿತ್ರದುರ್ಗದವರೇ, ಹೊಳಲ್ಕೆರೆಯವರೇ! ಪಿಎನ್‌ಎಂ ಸಭೆಗೆ ಹೋಗುವ ನಿಮ್ಮ ಮುಖಂಡರ ಕೈಗೆ ಈ ಬೇಡಿಕೆ ಬರೆದುಕೊಡಿ. ವಾಪಸ್ ಬಂದಾಗ ಏನಾಯಿತು ಎಂದು ಗೇಟಿನಲ್ಲಿ ನಿಲ್ಲಿಸಿ ಕೇಳಿ. ಕಾಂಟ್ರ್ಯಾಕ್ಟಿನ ಅಕ್ಕ ತಂಗಿಯರನ್ನು ನಿಮ್ಮ ಸಭೆಗೆ ಕರೆಯಿರಿ. ಅವರಿಗೆ ಮೊದಲು ಮಾತಾಡಲು ಬಿಡಿ.

ಈ ಕರಪತ್ರ ಓದಿ ಮುಗಿಸಿದಿರಾ? ಪಕ್ಕದವರಿಗೆ ಕೊಡಿ. ಕಾರ್ಡನ್ನು ಇವತ್ತೇ ಡಬ್ಬಿಗೆ ಹಾಕಿ!

ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ರೈಲು ಕಾರ್ಮಿಕರು ಮತ್ತು ಪ್ರಯಾಣಿಕರು